ಬೂದನ ಕುತ್ತಿಗೆಯ ಅಳತೆ

ನನ್ನ ಹತ್ತಿರ ಒಂದು ಪಟ ಇದೆ. ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರೆ ಬಂದವರು ಹೆದರಿಯಾರು. ಅದು ನಾಯಿಯೊಂದರ ಕುತ್ತಿಗೆ ಮೂಳೆಗಳ ಎಕ್ಸ್‌ರೇ. ಅದನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೇನೆ. ಅಜ್ಜಿಯ ತಲೆ ಸರಿಯಿಲ್ಲ ಎಂದು ಮೊಮ್ಮಕ್ಕಳು ತೀರ್ಮಾನಿಸಲು ಇಷ್ಟು ಸಾಕು.

ಮೂವತ್ತರ ದಶಕದ ಮಾತು. ತಮಿಳು ಸೀಮೆಯ ಎಡಪ್ಪಾಡಿ ಕಡೆ ನಮ್ಮ ಕುರಿಹಟ್ಟಿ. ಮದುವೆಯಾಗಿ ಹೋಗಿದ್ದ ನಾನು ಆಗ ತವರಿಗೆ ಬಂದಿದ್ದೆ. ಟಗರು ಗುದ್ದಿದ ಏಟಿಗೆ ನಮ್ಮ ಕಾವಲುನಾಯಿ ಬೂದ ಬಿದ್ದವನು ತಲೆ ಎತ್ತಲಿಲ್ಲ. ಎಬ್ಬಿಸಿ ನಿಲ್ಲಿಸಿದರೆ ಹಿಂಗಾಲು ಕುಡುಕನಂತೆ ತೂರಾಡುತ್ತಿತ್ತು. ನರಳಿಸುವುದು ಪಾಪ, ಮುಗಿಸಿಬಿಡಿ ಎಂದರು ಹಟ್ಟಿಯವರು. ಅಪ್ಪ ಒಪ್ಪಲಿಲ್ಲ. ಪೂಜಾರಿಯಿಂದ ತಾಮ್ರದ ತಾಯಿತ ತಂದು ಬೂದನ ಕುತ್ತಿಗೆಗೆ ಕಟ್ಟಿದ. ಮಾರನೆಯ ದಿನ, ಸೇಲಂನಲ್ಲಿ ಮೂಳೆಯ ಪಟ ತೆಗೆಯುವ ಡಾಕ್ಟರಿದ್ದಾರೆಂದು ಕೇಳಿ ಗಾಡಿಯನ್ನೂ ಕಟ್ಟಿದ. ನಾನೂ ಜೊತೆಗೆ ಹತ್ತಿದೆ. ದೇವರಿಗೂ ಬೇಸರವಾಗಬಾರದು, ಡಾಕ್ಟರಿಗೂ ಆಗಬಾರದು ಎಂಬುದು ಅವನ ಲೆಕ್ಕ.

ಡಾಕ್ಟರು ಒಳ್ಳೆಯವರು. ನಾಯಿಗೂ ಜಿಲ್ಲಾ ಕಲೆಕ್ಟರಿಗೂ ಕುತ್ತಿಗೆಯಲ್ಲಿ ಏಳೇ ಮೂಳೆ ಎಂದು ತಮಿಳಿನಲ್ಲಿ ನಗುತ್ತ ಹೇಳಿದರು. ಆಮೇಲೆ ನಗು ನಿಲ್ಲಿಸಿ, ಮೂಳೆಗಳ ನಡುವಿನ ಓಣಿಯಲ್ಲಿ ನರದ ಹುರಿ ಇಳಿದಿರುತ್ತದೆ, ಹುರಿ ಪಟದಲ್ಲಿ ಕಾಣುವುದಿಲ್ಲ, ಓಣಿ ಕಾಣುತ್ತದೆ, ಅದು ಎಲ್ಲಾದರೂ ಕಿರಿದಾಗಿದ್ದರೆ ಆಸೆ ಬಿಡಿ ಎಂದರು.

ಪಟ ಬಂತು. ಅಡಿಪಟ್ಟಿ ಇಟ್ಟು ಒಂದೊಂದೇ ಮೂಳೆ ಅಳೆಯುತ್ತ ಬಂದ ಡಾಕ್ಟರು ಐದನೆಯದರ ಬಳಿ ನಿಂತರು. ಅಲ್ಲಿ ಬೆಳ್ಳಗೆ ಒಂದು ಚೌಕ. ಕೂದಲ ಒಳಗಿದ್ದ ತಾಯಿತವನ್ನು ಯಾರೂ ನೋಡಿರಲಿಲ್ಲ! ಅಪ್ಪನಿಗೆ ಸಂತೋಷವೋ ಸಂತೋಷ.

“ನೋಡ್ದಾ ಮಗಾ, ದೇವ್ರು ಮೂಳೆ ಒಳಿಕೇ ಓಗವ್ನೆ!”

ದೇವರು ಸ್ವಲ್ಪ ಹೊರಗೆ ಬರಬೇಕು, ಇನ್ನೊಂದೇ ಪಟ ತೆಗೆಯಬಲ್ಲೆ ಎಂದರು ಡಾಕ್ಟರು. ಅಪ್ಪನ ಮುಖ ಬಾಡಿತು. ವಾಸಿಯಾಗುವ ತನಕ ಬಿಚ್ಚಬಾರದೆಂದು ಪೂಜಾರಿ ಹೇಳಿದ್ದ. ಬಿಚ್ಚಿದರೆ ದೇವರು ಹೋಗುತ್ತಾನೆ, ಬಿಚ್ಚದಿದ್ದರೆ ಬೂದ ಹೋಗುತ್ತಾನೆ. ಅಪ್ಪ ತಾಯಿತ ಬಿಚ್ಚಿ ನನ್ನ ಕೊರಳಿಗೆ ಕಟ್ಟಿದ.

“ಕೊಂಜ ನೇರ ನೀನೇ ಆಕ್ಕಂಡಿರವ್ವ. ದೇವ್ರು ನಿನ್ನ ಕಡೆ ನೋಡ್ಕಂಡಿರ್ಲಿ.”

ಹೀಗೆ ನಾನು ಸ್ವಲ್ಪ ಹೊತ್ತು ದೇವರ ಲೆಕ್ಕದಲ್ಲಿ ನಾಯಿಯಾಗಿದ್ದೆ. ಆಮೇಲೆ ಎಷ್ಟೋ ಪದವಿಗಳು ಬಂದವು, ಅತ್ತೆ, ಅಜ್ಜಿ ಇತ್ಯಾದಿ. ಅಷ್ಟು ಜವಾಬ್ದಾರಿಯದು ಯಾವುದೂ ಇರಲಿಲ್ಲ. ಅತ್ತ ಬೂದ ಅಲುಗದಂತೆ ಅಪ್ಪ ಅವನ ಗದ್ದ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದ.

ಓಣಿ ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿತ್ತು. ಕುತ್ತಿಗೆಗೆ ಕಂಬಳಿ ಪಟ್ಟಿ ಸುತ್ತಿಸಿಕೊಂಡು ತಿಂಗಳುಗಟ್ಟಲೆ ಮಲಗಿದ ಬೂದ ಕೊನೆಗೆ ಎದ್ದು ಕುರಿಗಳ ಹಿಂದೆ ನಡೆದ. ತಲೆ ಮಾತ್ರ ಒಂದಿಷ್ಟು ವಾರೆ. ಯಶಸ್ಸು ದೇವರದೋ ಡಾಕ್ಟರದೋ ಎಂದು ಹಟ್ಟಿಯಲ್ಲಿ ಜಗಳ ಬಹಳ ದಿನ ನಡೆಯಿತು. ಅಪ್ಪ ಇಬ್ಬರಿಗೂ ಒಂದೊಂದು ಮರಿ ಕೊಟ್ಟು ಕೈಮುಗಿದ.

ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆಂದು ನಂಬಿದ್ದ ಅಪ್ಪ ಸಾಯುವವರೆಗೂ ಒಂದನ್ನೂ ತೆಗೆಸಲಿಲ್ಲ. ಆದರೆ ನಾನು ಇಟ್ಟುಕೊಂಡಿರುವ ಈ ಎರಡನೆಯ ಪಟದಲ್ಲಿ, ಬೂದನ ದವಡೆಯ ಕೆಳಗೆ, ಮನುಷ್ಯನ ಎರಡು ಬೆರಳಿನ ಮೂಳೆಗಳಿವೆ. ಒಂದರ ಗಿಣ್ಣು ಸೊಟ್ಟ. ಅಪ್ಪ ನೆನಪಾದಾಗ ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಪಕ್ಕ ನನ್ನ ಬೆರಳಿಟ್ಟು ಅಳೆಯುತ್ತೇನೆ. ಈಚೆಗೆ ನನ್ನದೂ ಅದೇ ಗಿಣ್ಣಿನಲ್ಲಿ ಸೊಟ್ಟಗಾಗುತ್ತಿದೆ.