ಸೈಡ್‌ವಿಂಗಿನ ಶಿವಯ್ಯ

ಭರಮಸಾಗರದ ಶಿವಯ್ಯನಿಗೆ ಆ ಮಧ್ಯಾಹ್ನ ಕುಂತಲ್ಲಿ ಕೂರಲಾಗುತ್ತಿರಲಿಲ್ಲ. ಜುಂಜಣ್ಣನ ಮನೆಯ ಟಿವಿಯಲ್ಲಿ ಹೋದ ವರ್ಷದ ಊರ ನಾಟಕದ ವೀಡಿಯೊ ಓಡುತ್ತಿತ್ತು. ಎರಡನೇ ಅಂಕ ಬರುವಷ್ಟರಲ್ಲಿ ಕರೆಂಟು ಹೋಗಲಿ ಅಂತ ಅವನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಬೇಡದಿದ್ದಾಗ ಹೋಗುವ ಕರೆಂಟು ಬೇಡಿಕೊಂಡಾಗ ಹೋಗುತ್ತದೆಯೇ?

ಹೈಸ್ಕೂಲಿನ ಗುಮಾಸ್ತನಾಗಿ ನಿವೃತ್ತನಾದ ಈ ಮನುಷ್ಯ ಮೂವತ್ತೊಂದು ವರ್ಷ ನಾಟಕಕ್ಕೆ ಪ್ರಾಂಪ್ಟ್ ಮಾಡಿದವನು. ಸೈಡ್‌ವಿಂಗಿನಲ್ಲಿ, ರಂಗದ ಪಕ್ಕದ ಮರೆಯಲ್ಲಿ, ಪುಸ್ತಕ, ಟಾರ್ಚು ಹಿಡಿದು ನಿಂತು, ನಟ ತಡವರಿಸಿದ ಕಡೆ ಮುಂದಿನ ಮಾತು ಪಿಸುಗುಟ್ಟುವುದು ಅವನ ಕೆಲಸ. ನಟನಿಗೆ ಕೇಳಬೇಕು, ಮೊದಲನೇ ಸಾಲಿನವರಿಗೆ ಕೇಳಬಾರದು. ಅಂಥ ಗಂಟಲು ಸುತ್ತ ಹತ್ತೂರಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಕೆಲಸ ಬಲ್ಲವನಿಗೆ ಅದೇ ಕೆಲಸ ಗಂಟುಬೀಳುತ್ತದೆ ನೋಡಿ. ಬಣ್ಣ ಹಚ್ಚಬೇಕೆಂಬ ಆಸೆ ಪಾಪ ಅವನಿಗೂ ಇತ್ತು.

ಹೋದ ವರ್ಷ ಆ ಆಸೆ ಕೈಗೆಟುಕಿತ್ತು. ಜಿಪುಣ ಸಾಹುಕಾರನೊಬ್ಬ ಮುದಿವಯಸ್ಸಿನಲ್ಲಿ ಹೆಣ್ಣು ನೋಡಲು ಹೊರಡುವ ಹಳೇ ಹಾಸ್ಯನಾಟಕ ಅದು. ಮದುವೆ ದಲ್ಲಾಳಿಯ ಪಾತ್ರ ಶಿವಯ್ಯನಿಗೇ ಅಂತ ಎಲ್ಲರೂ ಒಪ್ಪಿದ್ದರು. ಸಾಹುಕಾರನ ಪಾತ್ರದ ಜುಂಜಣ್ಣ ಕಲ್ಲು ಹಾಕಿದ.

"ಶಿವಯ್ಯ ಬಣ್ಣ ಹಚ್ಚಿದ್ರೆ ನಂಗೆ ಮಾತು ಎತ್ತಿಕೊಡಾರು ಯಾರು? ಅವನು ಹಿಂದಿದ್ರೇನೇ ನಂಗೆ ಧೈರ್ಯ."

ಹೊಗಳಿಕೆಯೇ ಸರಿ, ಶಿವಯ್ಯನಿಗೆ ಮಾತ್ರ ಮೈಯೆಲ್ಲ ಉರಿಯಿತು. ನಾಟಕದ ದಿನ ಜುಂಜಣ್ಣ ಎರಡನೇ ಅಂಕದಲ್ಲಿ ಮಾತು ಮರೆತು ನಿಂತಾಗ, ಇವನು ಪುಸ್ತಕ ಮುಚ್ಚಿ ತೆಪ್ಪಗೆ ನಿಂತ. ಜನ ಶಿಳ್ಳೆ ಹೊಡೆದರು. ಕೊನೆಗೆ ಯಾರೋ ಪರದೆ ಇಳಿಸಿದರು.

ಮಾರನೇ ದಿನ ಜುಂಜಣ್ಣ ಚಿತ್ರದುರ್ಗಕ್ಕೆ ಹೋಗಿ ಕಿವಿ ತೋರಿಸಿಕೊಂಡು ಬಂದ. "ಶಿವಯ್ಯ ಮಾತು ಕೊಡದೆ ಬಿಡೋ ಮನುಷ್ಯನೇ ಅಲ್ಲ. ನಂಗೇ ಕೇಳಿಸ್ಲಿಲ್ಲ" ಅಂತ ಊರೆಲ್ಲ ಹೇಳಿದ. ಕಿವಿ ಚೆನ್ನಾಗಿದೆ ಅಂದ ಡಾಕ್ಟರನ್ನೂ ನಂಬದೆ, ಇನ್ನು ಬಣ್ಣದ ಸಹವಾಸ ಸಾಕು ಅಂದುಬಿಟ್ಟ. ನಿಜ ಹೇಳಲು ಶಿವಯ್ಯನಿಗೆ ವರ್ಷವಿಡೀ ಬಾಯಿ ಬರಲಿಲ್ಲ. ಈ ವರ್ಷವೂ ಅದೇ ನಾಟಕ. ನಾಳೆ ಪಾತ್ರ ಹಂಚುತ್ತಾರೆ, ಸಾಹುಕಾರನ ಪಾತ್ರಕ್ಕೆ ಬೇರೆಯವರನ್ನು ನೋಡಿಯೂ ಆಗಿತ್ತು.

"ಮೊಬೈಲು ಓರೆಗಿಟ್ಟಿದ್ದೆ, ವಿಂಗಿನ ಒಳಗೂ ಒಂಚೂರು ಕಾಣ್ತೈತೆ" ಅಂದ ಜುಂಜಣ್ಣನ ಮಗ ವಿನೋದ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಶಿವಯ್ಯ ಎದ್ದು ನೀರು ಕುಡಿದ. ಬಾಗಿಲ ತನಕ ಹೋದ.

"ಎಲ್ಲಿಗ್ರೀ, ಮಂಡಕ್ಕಿ ಕಲೆಸೀನಿ, ಕುಂತ್ಕಳ್ರಿ" ಅಂದಳು ಜುಂಜಣ್ಣನ ಹೆಂಡತಿ ದುರುಗಕ್ಕ. ಕುಂತ.

ಆ ಜಾಗ ಬಂತು. ತೆರೆಯ ಮೇಲೆ ಸಾಹುಕಾರ ಬಾಯಿ ತೆರೆದು ನಿಂತಿದ್ದ. ವಿಂಗಿನ ಕಡೆ ಬರೀ ಕತ್ತಲು. ಶಿವಯ್ಯ ಬದುಕಿಕೊಂಡ, ಯಾರಿಗೂ ಏನೂ ಕಾಣಲಿಲ್ಲ.

ಆದರೆ ಜುಂಜಣ್ಣ ಕುರ್ಚಿಯನ್ನು ಟಿವಿ ಹತ್ತಿರಕ್ಕೆ ಎಳೆದುಕೊಂಡು, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡ. "ಸೌಂಡು ಜಾಸ್ತಿ ಮಾಡಪ್ಪ. ಹಿಂದಕ್ಕೆ ಹಾಕು."

ವಿನೋದ್ ಹಾಕಿದ. ಜುಂಜಣ್ಣ ಮತ್ತೆ ಹಾಕಿಸಿದ.

"ಪಿಸುಮಾತು ಮೊಬೈಲಿಗೆ ಎಲ್ಲಿ ಸಿಗ್ತದಪ್ಪಾ" ಅಂದ ಮಗ.

"ಶಿವಯ್ಯ ಹೇಳಿರ್ತಾನೆ. ಇನ್ನೊಂದ್ಸಲ ಹಾಕು" ಅಂದ ಜುಂಜಣ್ಣ, ಕಣ್ಣು ಮುಚ್ಚಿಕೊಂಡು.

ಮೂರನೇ ಸಲ ಶಿವಯ್ಯನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಜುಂಜಣ್ಣನ ಕಿವಿಗೆ ಬಾಯಿ ಇಟ್ಟು, ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಎತ್ತದ ದನಿ ಎತ್ತಿದ.

"ನಾನು ಹೇಳೇ ಇಲ್ಲ ಜುಂಜಣ್ಣ. ನೀನು ನನ್ನ ಪಾತ್ರ ತಪ್ಪಿಸಿದೆ ಅನ್ನೋ ಸಿಟ್ಟಿಗೆ ಬೇಕಂತ್ಲೇ ಪುಸ್ತಕ ಮುಚ್ಚಿದ್ದೆ."

ದುರುಗಕ್ಕನ ಕೈ ಮಂಡಕ್ಕಿಯಲ್ಲೇ ನಿಂತಿತು. ಜುಂಜಣ್ಣ ಕಿವಿಯ ಹಿಂದಿನ ಅಂಗೈಯನ್ನು ನಿಧಾನವಾಗಿ ತೊಡೆಯ ಮೇಲೆ ಇಳಿಸಿದ.

"ಕೂಗಬ್ಯಾಡ ಶಿವಯ್ಯ" ಅಂದ, ಮುಖ ತಿರುಗಿಸದೆ. "ನಂಗೆ ಕೇಳಿಸ್ತೈತೆ."