ಎರಡು ಬೆರಳಿನ ಅಂತರ

ನನಗೆ ಯಾರ ಮೇಲೂ ಪೂರ್ತಿ ನಂಬಿಕೆ ಹುಟ್ಟುವುದಿಲ್ಲ. ಧಾರವಾಡದಿಂದ ಪುಣೆಗೆ ಬಂದು ಗುಮಾಸ್ತನಾಗಿ, ಮರಾಠಿ ಬಾಡಿಗೆದಾರರೇ ತುಂಬಿದ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದ ಮೇಲೆ ಈ ಗುಣ ಇನ್ನಷ್ಟು ಬಲಿಯಿತು. ನಳದ ಹತ್ತಿರ ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕರು ಎಂದುಕೊಳ್ಳುತ್ತಿದ್ದೆ.

ಯುದ್ಧ ಶುರುವಾಗುವ ಮುಂಚಿನ ವರ್ಷ ವಾಡೆಯ ಮಾಲೀಕರು ಗಣಪತಿ ಮಂಟಪದ ಅಲಂಕಾರವನ್ನು ನನಗೆ ಒಪ್ಪಿಸಿದರು. ಆಟಿಕೆ ರೈಲು ಓಡಿಸುತ್ತೇನೆಂದು ನಾನೇ ಹೇಳಿಕೊಂಡಿದ್ದೆ. ಒಂದಲ್ಲ, ಎರಡು, ಪಕ್ಕಪಕ್ಕದ ಹಳಿಗಳ ಮೇಲೆ, ಎದುರುಬದುರಾಗಿ, ದೇವರ ಸುತ್ತ. ಅದು ಕೆಟ್ಟರೆ ಕಾನಡಿಯವನಿಗೆ ಕೊಟ್ಟದ್ದೇ ತಪ್ಪಾಯಿತು ಎಂಬ ಮಾತು ಬರುತ್ತದೆ, ಮುಂದೆ ಆ ವಾಡೆಯಲ್ಲಿ ಯಾರೂ ನನಗೆ ಏನನ್ನೂ ಒಪ್ಪಿಸುವುದಿಲ್ಲ. ಆರು ವರ್ಷ ಕಾದು ಸಿಕ್ಕ ಮರ್ಯಾದೆ ಅದು.

ಕೀಲಿ ಕೊಟ್ಟರೆ ಓಡುವ ಎರಡು ಹಳೆಯ ಎಂಜಿನ್ನು ಬಜಾರಿನಲ್ಲಿ ಸಿಕ್ಕವು. ಬೋಗಿಗಳನ್ನು ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ ನಾನೇ ಮಾಡಿದೆ. ಭರ್ಜರಿಯಾಗಿ ಕಾಣಲೆಂದು ಅಂಗಡಿಯವಕ್ಕಿಂತ ಉದ್ದ ಮಾಡಿದೆ. ಎರಡು ಹಳಿಗಳ ನಡುವೆ ಎರಡು ಬೆರಳು ಅಂತರವೆಂದು ಗೊತ್ತುಮಾಡಿ, ಅಷ್ಟೇ ಅಗಲದ ಕಟ್ಟಿಗೆಯ ತುಂಡನ್ನು ಅಳತೆಗೆ ಇಟ್ಟುಕೊಂಡೆ. ಎಲ್ಲಿ ಇಟ್ಟರೂ ಆ ತುಂಡು ಬಿಗಿಯಾಗಿ ಕೂರುವಂತೆ ಹಲಗೆಗೆ ಮೊಳೆ ಹೊಡೆದೆ.

ಎದುರು ಕೋಣೆಯ ಮುದುಕರು ನೋಡುತ್ತ ನಿಂತಿದ್ದರು. ದೌಂಡದ ಕಡೆ ರೈಲು ಹಳಿ ಸರಿಪಡಿಸುವ ಗ್ಯಾಂಗಿಗೆ ಮುಕಾದಮರಾಗಿ, ಎಂದರೆ ಮೇಸ್ತ್ರಿಯಾಗಿ, ಇದ್ದು ನಿವೃತ್ತರಾದವರು. ಹಳಿಯ ತಿರುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ, "ವಳಣಾವರ ಪೋಟ ಸುಟತಂ, ರಾವ್‌ಸಾಹೇಬ," ಎಂದರು. ತಿರುವಿನಲ್ಲಿ ಹೊಟ್ಟೆ ಬರುತ್ತದೆ ಎಂದರ್ಥ. ಆ ವರ್ಷವೇ ನನಗೆ ನಲವತ್ತು ತುಂಬಿತ್ತು, ಹೊಟ್ಟೆಯೂ ಬಂದಿತ್ತು. ವಯಸ್ಸಿನ ತಿರುವೆಂದು ಆಡಿಕೊಳ್ಳುತ್ತಿದ್ದಾರೆ ಎಂದು ಮೈಯೆಲ್ಲ ಉರಿಯಿತು.

ಮರುದಿನ ಕಚೇರಿಯಿಂದ ಬಂದು ನೋಡಿದರೆ ತಿರುವಿನಲ್ಲಿ ಅಳತೆಯ ತುಂಡು ಸಡಿಲಾಗಿ ಬಿತ್ತು. ಹೊರಗಿನ ಹಳಿಯನ್ನು ಯಾರೋ ಒಂದು ಬೆರಳು ಆಚೆ ಸರಿಸಿದ್ದರು. ಹೆಂಡತಿಯನ್ನು ಕೇಳಿದರೆ, ಮಧ್ಯಾಹ್ನ ಮುಕಾದಮರು ಮಂಟಪದಲ್ಲಿ ಕೂತಿದ್ದರಂತೆ. ಹಳಿಯನ್ನು ಮೊದಲಿನ ಜಾಗಕ್ಕೆ ತಂದೆ. ಎರಡು ದಿನ ಬಿಟ್ಟು ಅದು ಮತ್ತೆ ಸರಿದಿತ್ತು. ನನ್ನ ಮಾನ ಹರಾಜಾಗಲೆಂದು ಈ ಮುದುಕ ಹೊಂಚುಹಾಕಿದ್ದಾನೆ ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

"ಮೊದಲ ಅವರನ್ನ ಒಂದ್ ಮಾತು ಕೇಳ್ರಿ," ಎಂದಳು ಹೆಂಡತಿ. "ನಿಮಗ ಯಾರನ್ನ ಕಂಡ್ರೂ ಸಂಶಯ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಮಾತು ಅವಳ ಬಾಯಿಗೆ ಬಂದು ನಿಂತಿತ್ತು, ಪುಣ್ಯಕ್ಕೆ ಆಡಲಿಲ್ಲ. ನಾನು ಮುಕಾದಮರನ್ನು ಕೇಳದೆ ನೇರ ಮಾಲೀಕರಿಗೆ ದೂರು ಹೇಳಿದೆ. ಮಾಲೀಕರು ಅವರನ್ನು ಅಂಗಳಕ್ಕೆ ಕರೆಸಿ, ನಾಲ್ಕು ಜನರೆದುರು, ಹಳಿ ಮುಟ್ಟಿದ್ದು ಹೌದೇ ಎಂದು ಕೇಳಿದರು. ಹೌದು ಎಂದರು. ಮುಂದೆ ಏನೋ ಹೇಳಲು ಬಾಯಿ ತೆರೆದರು, ನಾನು ಬಿಡಲಿಲ್ಲ. ಒಪ್ಪಿಕೊಂಡರಲ್ಲ, ಇನ್ನೇನು ಎಂದು ಗದ್ದಲ ಎಬ್ಬಿಸಿದೆ. ಹಬ್ಬ ಮುಗಿಯುವವರೆಗೆ ಮಂಟಪಕ್ಕೆ ಕಾಲಿಡಬೇಡಿ ಎಂದು ಮಾಲೀಕರು ಹೇಳಿದರು. ಅವರು ತಲೆಯಾಡಿಸಿ ಒಳಗೆ ಹೋದರು.

ಗಡಿಯಾರ ರಿಪೇರಿಯವನ ಹತ್ತಿರ ಕೊಟ್ಟಿದ್ದ ಎರಡನೇ ಎಂಜಿನ್ನು ಬಂದದ್ದು ಚೌತಿಯ ಬೆಳಗ್ಗೆ. ಅಲ್ಲಿಯವರೆಗೆ ಎರಡೂ ರೈಲನ್ನು ಒಟ್ಟಿಗೆ ಓಡಿಸಿ ನೋಡಿರಲಿಲ್ಲ. ಪೂಜೆಗೆ ಇನ್ನೂ ಒಂದು ತಾಸಿದೆ ಎನ್ನುವಾಗ ಮಾಲೀಕರ ಎದುರು ಓಡಿಸಿದೆ. ನೇರ ಹಳಿಯಲ್ಲಿ ಚೆನ್ನಾಗಿ ದಾಟಿದವು. ತಿರುವಿನಲ್ಲಿ ಹೊರಗಿನ ರೈಲಿನ ಉದ್ದ ಬೋಗಿಯ ನಡುಭಾಗ ಒಳಕ್ಕೆ ಚಾಚಿಕೊಂಡಿತು, ಒಳಗಿನ ಬೋಗಿಯ ಮೂಲೆಗೆ ತಗುಲಿತು, ಎರಡೂ ಮಗುಚಿದವು. ಮತ್ತೆ ಓಡಿಸಿದೆ, ಮತ್ತೆ ಅಲ್ಲೇ ಬಿದ್ದವು. ಮಾಲೀಕರು ಮಡಿ ಉಡಲು ಎದ್ದುಹೋದರು.

ಆಗ ಮುಕಾದಮರ ಮಾತು ಅರ್ಥವಾಯಿತು. ಅವರು ಹೇಳಿದ ಹೊಟ್ಟೆ ನನ್ನದಲ್ಲ, ಬೋಗಿಯದು. ನೇರದಲ್ಲಿ ಸಾಕಾಗುವ ಜಾಗ ತಿರುವಿನಲ್ಲಿ ಸಾಲದು ಎಂದು, ಆಯುಷ್ಯವೆಲ್ಲ ಹಳಿ ಸರಿಸಿದ ಆ ಮನುಷ್ಯ ಮೂರು ಮಾತಿನಲ್ಲಿ ಹೇಳಿದ್ದರು. ಹೊರಗಿನ ಹಳಿಯನ್ನು ಕಿತ್ತೆ. ಅವರ ಮೊಳೆಯ ತೂತುಗಳು ಹಲಗೆಯಲ್ಲಿ ಹಾಗೇ ಇದ್ದವು: ತಿರುವಿನ ಬಾಯಲ್ಲಿ ಸ್ವಲ್ಪ ಆಚೆ, ನಡುವಿನಲ್ಲಿ ಇನ್ನಷ್ಟು ಆಚೆ, ಮತ್ತೆ ಮೆಲ್ಲಗೆ ಈಚೆ. ಹಟಕ್ಕೆ ಸರಿಸಿದವರು ಅಷ್ಟು ಜತನದಿಂದ ಮೊಳೆ ಹೊಡೆಯುವುದಿಲ್ಲ. ಅದೇ ತೂತುಗಳಿಗೆ ಮೊಳೆ ಕೂರಿಸಿದೆ, ರೈಲುಗಳು ತಗುಲದೆ ದಾಟಿದವು.

ಪೂಜೆಯಾದ ಮೇಲೆ ವಾಡೆಯವರೆಲ್ಲ ಸುತ್ತುಗಟ್ಟಿ ನೋಡಿದರು. ಮುಕಾದಮರು ಒಗೆದ ಧೋತರ ಉಟ್ಟು, ತಮ್ಮ ಹೊಸ್ತಿಲ ಮೇಲೇ ನಿಂತು ಅಲ್ಲಿಂದಲೇ ದೇವರಿಗೆ ಕೈಮುಗಿದಿದ್ದರು. ಮಾಲೀಕರಿಗೆ ಖುಷಿಯೋ ಖುಷಿ. ಬೆಳಗ್ಗೆ ಮಗುಚಿದ ರೈಲು ಈಗ ಹೇಗೆ ಓಡಿತು, ಯಾರು ಹೇಳಿಕೊಟ್ಟರು ಎಂದು ನನ್ನ ಬೆನ್ನು ತಟ್ಟಿ ಎಲ್ಲರಿಗೂ ಕೇಳುವಂತೆ ಕೇಳಿದರು.

"ಮಲಾಚ ಸುಚಲಂ," ಎಂದೆ. ನನಗೇ ಹೊಳೆಯಿತು, ಯಾರೂ ಹೇಳಿಕೊಡಲಿಲ್ಲ ಎಂದು.

ಅಷ್ಟು ವರ್ಷ ತೊದಲಿದ ಮರಾಠಿ ಆ ಮಾತಿಗೆ ಮಾತ್ರ ಎಲ್ಲೂ ತೊದಲಲಿಲ್ಲ. ಮುಕಾದಮರು ನನ್ನನ್ನು ಒಂದು ಸಲ ನೋಡಿ ಒಳಗೆ ಹೋದರು. ಅವರ ಮೇಲೆ ಸಂಶಯಪಟ್ಟದ್ದಕ್ಕಿಂತ ಆ ಮಾತಿಗೆ ನನಗೆ ಇಂದಿಗೂ ಹೆಚ್ಚು ನಾಚಿಕೆಯಾಗುತ್ತದೆ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅಂದಿನಿಂದ ನಾನು ಏನು ಹೇಳಿದರೂ ಅವಳು ಕೆಲಸ ನಿಲ್ಲಿಸಿ ಒಂದೇ ಮಾತು ಕೇಳುತ್ತಿದ್ದಳು: "ಖರೇ ಏನ್ರಿ?"