ಹಣ್ಣಾಗಲು ಬಿಡದ ಅಪ್ಪೆಮರ

ಮಾಘದ ಕೊನೆಯ ವಾರ ಶಿವಮೊಗ್ಗೆಯಿಂದ ಬೆಳಗಿನ ರೈಲಿಗೆ ಹೊರಟೆ. ಗಾಡಿ ತಡವಾಗುವುದು ವಾಡಿಕೆ. ಹಾಗೆಂದು ನಾವು ತಡಮಾಡಬಾರದು. ಕತ್ತಲಿರುವಾಗಲೇ ಸ್ನಾನ, ಗಂಜಿ ಮುಗಿಸಿ ನಿಲ್ದಾಣ ಸೇರಿದ್ದೆ.

ಹೋಗುವ ಕೆಲಸ ಒಂದೇ. ನನ್ನ ಹೆಂಡತಿ ಸೀತಮ್ಮನ ತವರು ಹೊಳೆಹೊನ್ನೂರಿನ ಹತ್ತಿರ, ಭದ್ರೆಯ ದಂಡೆಯಲ್ಲಿದೆ. ಅಲ್ಲಿಯ ಅಪ್ಪೆಮಾವಿನ ಮಿಡಿ ಉಪ್ಪಿನಕಾಯಿ ನೆಂಟರ ಮನೆಗಳಲ್ಲೆಲ್ಲ ಹೆಸರಾಗಿತ್ತು. ಕಳೆದ ಮಳೆಗಾಲ ದಂಡೆ ಕುಸಿದು ಮರ ಹೊಳೆಯ ಪಾಲಾಯಿತು. ಸೀತಮ್ಮ ಹಾಸಿಗೆ ಹಿಡಿದಿದ್ದಾಳೆ, ಅನ್ನ ಸೇರುವುದಿಲ್ಲ. "ಅದರ ಮರಿ ಎಲ್ಲಾದ್ರೂ ಇರುತ್ತೆ. ಒಂದು ಕಸಿಕಡ್ಡಿ ತನ್ನಿ, ಹಿತ್ತಲ ಗಿಡಕ್ಕೆ ಕಟ್ಟಿಸೋಣ. ಚಿಗುರೋದನ್ನ ನೋಡಿ ಹೋಗ್ತೀನಿ" ಎಂದಿದ್ದಳು.

ಭದ್ರಾವತಿಯಲ್ಲಿ ಇಳಿದಾಗ ಕಾರ್ಖಾನೆಯ ಹೊಗೆಗೆ ಬಿಸಿಲು ಮಂಕಾಗಿತ್ತು. ಸೀತಮ್ಮನ ತಮ್ಮ ರಂಗಪ್ಪ ಅಲ್ಲಿ ಗುಮಾಸ್ತ. ಅವನ ಹಿತ್ತಲಿನ ಮರ ಮಿಡಿ ಕಚ್ಚಿ ಬಾಗಿತ್ತು. ಅಪ್ಪೆಯನ್ನು ಪರೀಕ್ಷಿಸುವುದು ತೊಟ್ಟು ಮುರಿದು ಸೊನೆ ಮೂಸಿ. ತವರಿನ ಮರದ ಸೊನೆಗೆ ಹುರಿದ ಜೀರಿಗೆಯ ಘಮವಿತ್ತು. ಇದಕ್ಕೆ ಬರೀ ಹಸಿ ಎಲೆಯ ವಾಸನೆ.

"ಆ ಮರದ ಗೊರಟೇ ಭಾವ. ನಾನೇ ಹಾಕಿದ್ದು."

"ಹಣ್ಣು ಮರದಿಂದ ಕಿತ್ತದ್ದೋ?"

"ಬುಡದಲ್ಲಿ ಬಿದ್ದಿತ್ತು. ಯಾವ ಬಾವಲಿ ಎಲ್ಲಿಂದ ತಂದಿತ್ತೋ, ಅದನ್ನ ಕರೆದು ಕೇಳ್ಲಾ?"

ಅವನು ನಕ್ಕ. ನನಗೆ ನಗು ಬರಲಿಲ್ಲ.

ಅಲ್ಲಿಂದ ಎತ್ತಿನ ಗಾಡಿ. ಬಾಡಿಗೆಗೆ ಚೌಕಾಸಿ ಮಾಡಲಿಲ್ಲ. ದಾರಿಯುದ್ದಕ್ಕೂ ಕೊಯ್ದ ಗದ್ದೆಗಳು, ಮೊಣಕಾಲುದ್ದ ದೂಳು. ಮಧ್ಯಾಹ್ನ ಮೀರಿ ಊರು ಮುಟ್ಟಿದೆ. ಸೀತಮ್ಮನ ಚಿಕ್ಕಮ್ಮ ಗೌರಮ್ಮ ರೊಟ್ಟಿ, ಹುರುಳಿ ಸಾರು ಬಡಿಸಿ, ಕೋಲೂರಿಕೊಂಡು ತಾವೇ ಹೊಳೆಯತ್ತ ಕರೆದೊಯ್ದರು. ಮರವಿದ್ದಲ್ಲಿ ಈಗ ಕಡಿದಾದ ಕೆಮ್ಮಣ್ಣು, ಕೆಳಗೆ ನೀರು. ಅದರ ಮಕ್ಕಳೆಂದು ಊರವರು ಕರೆಯುವ ಎರಡು ಮರಗಳನ್ನು ತೋರಿಸಿದರು. ಒಂದರ ಮಿಡಿ ಬರೀ ಹುಳಿ, ಇನ್ನೊಂದು ಸಪ್ಪೆ. ಒಂದೊಂದು ಕೊಂಬೆಯ ಮಿಡಿಯನ್ನೂ ಮುರಿದು ಮೂಸಿದೆ.

"ಸಾಕು ಬನ್ನಿ ಅಳಿಯಂದ್ರೆ. ಮೂಗು ಸುಟ್ಟುಕೊಂಡೀರಿ."

"ಆ ಮರದ ಹಣ್ಣಿನ ಗೊರಟು ಬೇರೆ ಯಾರೂ ಹಾಕಲಿಲ್ಲವೇ?"

"ಹಣ್ಣಾ? ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷ ಆಯ್ತು, ಆ ಮರದ ಹಣ್ಣು ಯಾವ ಬಣ್ಣ ಅಂತ ನಾನೇ ಕಂಡಿಲ್ಲ. ಮಿಡಿ ಕಚ್ಚೋದೇ ತಡ, ನೆಂಟ್ರೆಲ್ಲ ಭರಣಿ ಹಿಡ್ಕೊಂಡು ನಿಲ್ತಿದ್ರು. ಒಂದು ಉಳಿದ್ರೆ ಅತ್ತೆ ಏಣಿ ಹಾಕಿಸಿ ಕೀಳಿಸೋರು. ನಿಮ್ಮನೆ ಭರಣಿಯೇನು ಸಣ್ಣದಿತ್ತಾ?"

"ಕಸಿಯಾದರೂ..."

"ವರ್ಷ ವರ್ಷ ಮಾತಾಡ್ತಿದ್ವಿ. ಮರ ಎಲ್ಲಿಗೆ ಹೋಗುತ್ತೆ ಅಂತ ಸುಮ್ನಾಗ್ತಿದ್ವಿ."

ಇನ್ನು ಹುಡುಕುವುದಕ್ಕೆ ಏನೂ ಇರಲಿಲ್ಲ. ಎಲ್ಲರೂ ಮೆಚ್ಚಿದ ಮರ. ಆ ಮೆಚ್ಚುಗೆಯೇ ಅದರ ಸಂತಾನವನ್ನು ಉಪ್ಪಿನಲ್ಲಿ ಹಾಕಿ ತಿಂದುಬಿಟ್ಟಿತ್ತು. ಹೊರಡುವಾಗ ಗೌರಮ್ಮ ಭರಣಿಯ ತಳ ಕೆರೆದು, ಕೊನೆಗೆ ಉಳಿದಿದ್ದ ಒಂದು ಮಿಡಿಯನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟರು.

ಮರುದಿನ ಮನೆ ಸೇರಿದೆ. "ಸಿಕ್ತಾ?" ಎಂದಳು ಸೀತಮ್ಮ. ಇಲ್ಲವೆಂದೆ. ಗಂಜಿ ಕಲಸಿ ಮಿಡಿಯನ್ನು ಬದಿಗಿಟ್ಟೆ. ಎಷ್ಟೋ ದಿನಗಳ ಮೇಲೆ ತಟ್ಟೆ ಬರಿದಾಗುವವರೆಗೆ ಉಂಡಳು. ಮಿಡಿಯೊಳಗಿನ ಗೊರಟು ಇನ್ನೂ ಬಲಿತಿರಲಿಲ್ಲ, ಹಲ್ಲಿಗೆ ಮೆತ್ತಗಿತ್ತು. ಅದನ್ನೂ ಅಗಿದು ನುಂಗಿದಳು.